ಬಿಟ್ಟುಕೊಟ್ಟ ಕಾಯಿ

ನಾಗರಾಜನಿಗೆ ಕವಡೆಯಲ್ಲಿ ಮೂರು ಬಿತ್ತು. ಸರಿಯಾಗಿ ಮೂರು ಮನೆ ಮುಂದೆ ಅಕ್ಕ ಈಶ್ವರಿಯ ಕಾಯಿ ಒಂಟಿಯಾಗಿ ಕೂತಿತ್ತು. ಹೊಡೆದು ಹೊರಗೆ ಹಾಕಲು ಇನ್ನೇನು ಬೇಕು? ಆದರೆ ಅವನು ತಲೆ ಕೆರೆದುಕೊಂಡು, ಅದು ಕಾಣಲೇ ಇಲ್ಲವೆಂಬಂತೆ, ಮೂಲೆಯಲ್ಲಿದ್ದ ತನ್ನ ಇನ್ನೊಂದು ಹುಣಸೆಬೀಜದ ಕಾಯಿಯನ್ನು ನಡೆಸಿದ. ಈಶ್ವರಿ ಅದನ್ನು ನೋಡಿದಳು.

ಅಮಾವಾಸ್ಯೆ, ಮಗ್ಗಕ್ಕೆ ರಜೆ. ನೇಕಾರರ ಬೀದಿಗೆ ಬೀದಿಯೇ ಟೆಂಟು ಸಿನಿಮಾಕ್ಕೆ ಹೋಗಿತ್ತು. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳನ್ನು ಅಲ್ಲಿಗೆ ಕರೆದೊಯ್ಯುವಂತಿಲ್ಲ, ಒಬ್ಬಳನ್ನೇ ಬಿಟ್ಟು ಹೋಗುವ ಮನಸ್ಸೂ ಇಲ್ಲ. ಹಾಗಾಗಿ ಅಪ್ಪ ರಾಮಲಿಂಗಂ ಮಗ್ಗದ ಗುಂಡಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಇಬ್ಬರನ್ನೂ ಕೂರಿಸಿಕೊಂಡಿದ್ದ.

ಅವಳ ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ. ಜ್ವರ ಬಂತು, ವಾರದೊಳಗೆ ಹೋದ. ಈಶ್ವರಿಗೆ ಅಳು ಕೂಡ ಬರಲಿಲ್ಲ. ಬಡಿಸಿದರೆ ಉಣ್ಣುವಳು, ಇಲ್ಲವಾದರೆ ಇಲ್ಲ. ನೂಲು ಸುತ್ತಲು ಕೂತರೆ ನಿನಗ್ಯಾಕೆ ಎಂದು ಯಾರಾದರೂ ಬಂದು ರಾಟೆ ತೆಗೆದುಕೊಳ್ಳುವರು. ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದರು. ಹಿಂದೆ ಇದೇ ಆಟದಲ್ಲಿ ತಮ್ಮನ ಕೂದಲು ಹಿಡಿದು ಜಗ್ಗಿದ್ದವಳು ಅವಳು.

ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಅಪ್ಪ ಎಣಿಕೆ ತಪ್ಪಿದವನಂತೆ ತನ್ನ ಕಾಯಿಯನ್ನು ಅವಳ ಮುಂದೆ ತಂದಿಟ್ಟ. ಹೊಡೆದಳು. ನೋಡನೋಡುತ್ತ ಅವಳ ಕಾಯಿಗಳೆಲ್ಲ ನಡುಮನೆ ಸೇರಿ ಹಣ್ಣಾದವು.

"ಗೆದ್ಬುಟ್ಟೆಲ್ಲ ಕಣ್ಣು," ಎಂದ ರಾಮಲಿಂಗಂ ಮುದ್ದಿನಿಂದ.

ಅವಳಿಗೆ ಏನೂ ಅನ್ನಿಸಲಿಲ್ಲ. ಇನ್ನು ಬದುಕಿಡೀ ಹೀಗೇ ಏನೋ ಎಂದಷ್ಟೇ ಅನ್ನಿಸಿತು. ಒಮ್ಮೆಯಾದರೂ ಯಾರಾದರೂ ತನ್ನ ಕಾಯಿಯನ್ನು ಹೊಡೆಯಬಾರದೇ?

ಗೋಡೆಗೊರಗಿ ಎಲ್ಲವನ್ನೂ ನೋಡುತ್ತಿದ್ದ ಅಜ್ಜಿ ಕುಪ್ಪಮ್ಮ ತೆವಳಿಕೊಂಡು ಬಂದಳು. ಮಗನನ್ನು ಎಬ್ಬಿಸಿ ಅವನ ಜಾಗದಲ್ಲಿ ಕೂತು, ಹೊಸ ಆಟ ಹೂಡಲು ಹೇಳಿದಳು.

ಈ ಸಲವೂ ಈಶ್ವರಿಯ ಕಾಯಿ ತಡೆಯಿಲ್ಲದೆ ಸುತ್ತಿ ಬಂತು. ಒಳಕ್ಕೆ ತಿರುಗಲು ಒಂದೇ ಮನೆ ಬಾಕಿಯಿದ್ದಾಗ ಕುಪ್ಪಮ್ಮನಿಗೆ ಎರಡು ಬಿತ್ತು. ಅವಳು ಯೋಚಿಸಲೇ ಇಲ್ಲ. ಮೊಮ್ಮಗಳ ಕಾಯಿಯನ್ನು ಹೊಡೆದು, ಎತ್ತಿ ಅವಳ ಮಡಿಲಿಗೆ ಎಸೆದಳು.

ರಾಮಲಿಂಗಂನ ಮುಖ ಸಣ್ಣದಾಯಿತು. ನಡೆಸಲು ಬೇರೆ ಕಾಯಿ ಇರಲಿಲ್ಲವೇ, ಈ ಹುಡುಗಿಯ ಮೇಲೆಯೇ ನಿನ್ನ ಜಾಣತನವೇ ಎಂದು ತಾಯಿಯ ಮೇಲೆ ರೇಗಿದ.

"ನಂಗೂ ಆಗ ಇಂಗೇ ಬಿಟ್ಕೊಟ್ರು," ಎಂದಳು ಕುಪ್ಪಮ್ಮ. ರಾಮಲಿಂಗಂ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡವಳು ಅವಳು. "ಎರಡಾಟ ಗೆಲ್ಸಿದ್ರು. ಆಮೇಕೆ ಯಾರೂ ಆಟಕ್ಕೇ ಕೂಗ್ಲಿಲ್ಲ."

ಕುಪ್ಪಮ್ಮ ಹೊಡೆದದ್ದಕ್ಕೆ ಸಿಕ್ಕ ಇನ್ನೊಂದು ಸರದಿಯನ್ನೂ ಬಿಡದೆ ಆಡಿ, ಕವಡೆಗಳನ್ನು ಈಶ್ವರಿಯ ಕಡೆ ತಳ್ಳಿದಳು.

ಈಶ್ವರಿ ಮಡಿಲಿನ ಕಾಯಿಯನ್ನು ಮೊದಲ ಮನೆಯಲ್ಲಿಟ್ಟಳು. ಅಲ್ಲಿಂದ ಎರಡೇ ಮನೆ ದೂರದಲ್ಲಿ ಅಜ್ಜಿಯ ಕಾಯಿ ಇತ್ತು. ಕವಡೆಗಳನ್ನು ಮುಷ್ಟಿಯಲ್ಲಿ ಜೋರಾಗಿ ಕುಲುಕಿ ಎಸೆದಳು. ಒಂದು ಬಿತ್ತು.

ಅವಳು ತಟ್ಟನೆ ಕವಡೆಗಳನ್ನು ಬಾಚಿಕೊಂಡಳು.

"ಒಂದ್ ಕವಡೆ ಓರೆ ನಿಂತಿತ್ತು. ತಿರುಗಿ ಹಾಕ್ತೀನಿ."

"ಬಿದ್ದಿದ್ದು ಬಿದ್ದಿದ್ದೇ. ಕೊಡೇ ಇಲ್ಲಿ," ಎಂದಳು ಕುಪ್ಪಮ್ಮ.

ಈಶ್ವರಿ ಮುಷ್ಟಿಯನ್ನು ಇನ್ನೂ ಬಿಗಿದಳು. ಬಳೆಯಿಲ್ಲದ ಆ ಕೈಯನ್ನು ಬಳೆಯಿಲ್ಲದ ಇನ್ನೊಂದು ಕೈ ಹಿಡಿದೆಳೆದು, ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿತು.