ಬೇವಿನ ಗಿಡದ ಸ್ಟೇಶನ್ನು

ಕೈಗೆ ಮೈಕು ಸಿಕ್ಕರೆ ಕೆಲವರಿಗೆ ಮೈಮೇಲೆ ದೇವರು ಬಂದಂತಾಗುತ್ತದೆ. ಬನಹಟ್ಟಿಯ ನೇಕಾರ ಮುರಗೆಪ್ಪ ಆ ಪೈಕಿ. ಬಾಗಲಕೋಟೆ ಹೊಸ ಜಿಲ್ಲೆಯಾದ ವರ್ಷ, ಜಿಲ್ಲೆ ಬಂತು, ಇನ್ನು ರೈಲೂ ಬರಲಿ ಎಂದು ಊರ ನಡುವೆ ಒಂದು ಸಭೆ ನಡೆಯಿತು. ಒಬ್ಬ, ರೈಲು ಬರುವತನಕ ಗಡ್ಡ ತೆಗೆಸುವುದಿಲ್ಲ ಎಂದ. ಇನ್ನೊಬ್ಬ, ಕಾಲಿಗೆ ಚಪ್ಪಲಿ ಹಾಕುವುದಿಲ್ಲ ಎಂದ. ಇಬ್ಬರಿಗೂ ಚಪ್ಪಾಳೆ ಬಿದ್ದವು. ಮಂದಿಯ ಚಪ್ಪಾಳೆ ಕೇಳಿಕೊಂಡು ಸುಮ್ಮನೆ ಕೂಡುವ ಗಂಡಸೇ ಮುರಗೆಪ್ಪ? ಎದ್ದುಹೋಗಿ ಮೈಕು ಹಿಡಿದ.

“ಬನಹಟ್ಟ್ಯಾಗ ರೈಲು ಹತ್ತಿ ಇನ್ನೊಂದು ಊರಾಗ ಇಳಿಯೂತನಕ ಈ ಮುರಗೆಪ್ಪ ಹೋಳಿಗಿ ಮುಟ್ಟಂಗಿಲ್ಲ! ಇದು ನನ್ನ ಆಣಿ!”

ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಅವನಿಗೇ ಬಿತ್ತು. ಯಾಕೆಂದರೆ ಅವನ ಹೋಳಿಗೆಯ ಹುಚ್ಚು ಬನಹಟ್ಟಿಗಷ್ಟೇ ಅಲ್ಲ, ಪಕ್ಕದ ರಬಕವಿಗೂ ಗೊತ್ತಿತ್ತು. ಅದೇ ಹೊತ್ತಿಗೆ ಮನೆಯಲ್ಲಿ ಅವನ ಹೆಂಡತಿ ಶೇವಂತಿ ಕಡಲೆಬೇಳೆ ಬೇಯಿಸಿ, ಬಸಿದು, ಬೆಲ್ಲ ಕುಟ್ಟುತ್ತ ಕೂತಿದ್ದಳು. ಗಂಡ ಕೂಗಿ ಕೂಗಿ ಹಸಿದು ಬರುತ್ತಾನೆ ಎಂದು. ಬಂದವನು ಸುದ್ದಿ ಹೇಳಿದ. ಅವಳು ಬೆಲ್ಲದ ಕೈಯಲ್ಲೇ ಹಣೆ ಬಡಿದುಕೊಂಡಳು.

“ಬಿಡಾಕ ಬ್ಯಾರೆ ಏನೂ ಸಿಗಲಿಲ್ಲೇನ್ರೀ ನಿಮಗ? ತಂಬಾಕ ಬಿಡಬೇಕಿತ್ತು!”

“ಅದನ್ನ ಬಿಡಾಕ ಆಗಂಗಿಲ್ಲಲೇ,” ಎಂದ ಮುರಗೆಪ್ಪ. ಸುಳ್ಳು ಹೇಳುವವನಲ್ಲ ಅವನು.

ಗಡ್ಡದವನು ಮಗನಿಗೆ ಹೆಣ್ಣು ನೋಡಲು ಹೊರಟ ದಿನ ಗಡ್ಡ ತೆಗೆಸಿದ. ಚಪ್ಪಲಿ ಬಿಟ್ಟವನಿಗೆ ಬೇಸಿಗೆಯ ಡಾಂಬರು ರಸ್ತೆಯೇ ಬುದ್ಧಿ ಕಲಿಸಿತು. ಮುರಗೆಪ್ಪ ಮಾತ್ರ ಉಡದ ಹಾಗೆ ತನ್ನ ಮಾತಿಗೆ ಅಂಟಿಕೊಂಡ. ರೈಲಿನದ್ದೇನು ಕೇಳುತ್ತೀರಿ! ಅಳೆಯುವವರು ಬಂದರು, ಕಲ್ಲು ನೆಟ್ಟರು, ಚಹಾ ಕುಡಿದು ಹೋದರು. ಆ ಕಲ್ಲಿನ ಮೇಲೆ ಊರಿನ ಆಡುಗಳು ಹತ್ತಿ ನಿಂತವು. ಯಾರದೇ ಮದುವೆಯಲ್ಲಿ ಹೋಳಿಗೆಯ ಬುಟ್ಟಿ ಹತ್ತಿರ ಬಂದರೆ ಮುರಗೆಪ್ಪ ತಾಟಿಗೆ ಎರಡೂ ಕೈ ಅಡ್ಡ ಹಿಡಿದು, “ರೈಲು ಬರ್ಲಿ, ರೈಲು ಬರ್ಲಿ” ಎನ್ನುವನು. ಬಡಿಸುವವರು ನಗುತ್ತ ಮುಂದಕ್ಕೆ ಹೋಗುವರು. ಮಗಳು ನಂದಾಳನ್ನು ಗಲಗಲಿಗೆ ಮದುವೆ ಮಾಡಿಕೊಟ್ಟಾಗ ಸ್ವಂತ ಮನೆಯ ಊಟದಲ್ಲೂ ಬುಂದಿಯೇ ಆಯಿತು. ಬೀಗರು ಒಂದು ವರ್ಷ ಆಡಿಕೊಂಡರು.

ಇದರಲ್ಲಿ ದೊಡ್ಡ ಅನ್ಯಾಯ ಯಾರಿಗೆಂದರೆ ಶೇವಂತಿಗೆ. ಅವಳ ಕೈಯ ಹೋಳಿಗೆ ಅಂದರೆ ಆ ಓಣಿಗೆ ಓಣಿಯೇ ಸಾಲು ಹಚ್ಚುತ್ತಿತ್ತು. ಹಬ್ಬ ಬಂತೆಂದರೆ ಎದುರುಮನೆಯ ಅನಸವ್ವ, “ಏ ಶೇವಂತಿ, ಬಾ ಬೇ, ನನ್ನ ಹೂರಣ ಹಂಚಿನ ಮ್ಯಾಲ ಒಡೀತೈತಿ” ಎಂದು ಕೈಹಿಡಿದು ಕರೆದೊಯ್ಯುವಳು. ಶೇವಂತಿ ಅವರಿವರ ಒಲೆಯ ಮುಂದೆ ಕೂತು ರಾಶಿ ರಾಶಿ ಬೇಯಿಸಿ, ಬರಿಗೈಲಿ ಮನೆಗೆ ಬರುವಳು. ಒಂದು ಚೂರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ವ್ರತವಲ್ಲ, ನೇಮವಲ್ಲ, ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೇ. ಇದು ಮುರಗೆಪ್ಪನಿಗೆ ಗೊತ್ತಿರಲಿಲ್ಲ. ತುಪ್ಪದ ವಾಸನೆ ಹೊತ್ತು ಅವಳು ಒಳಗೆ ಬಂದರೆ ಅವನಿಗೆ ಹೊಟ್ಟೆಕಿಚ್ಚು.

“ಎಷ್ಟ ಹೊಡದಿ ಇವತ್ತ?”

“ಲೆಕ್ಕ ಇಟ್ಟಿಲ್ರಿ.”

“ಇಡಬ್ಯಾಡ. ತಿನ್ನು. ಆಣಿ ನಂದೈತಿ, ನಿಂದಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುವಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ತನ್ನ ಒಲೆ, ತನ್ನ ಹಂಚು, ಎದುರಿಗೆ ಗಂಡ. ಬಿಸಿಬಿಸಿ ಹೋಳಿಗೆಯನ್ನು ಅವನ ತಾಟಿಗೆ ಎಸೆದು, ‘ಸಾಕು’ ಎನ್ನುವತನಕ ಬಡಿಸಬೇಕು. ಅವನು ಸಾಕು ಎಂದದ್ದು ಅವಳಿಗೆ ನೆನಪಿಲ್ಲ, ಆ ಮಾತು ಬೇರೆ.

ಹೀಗಿರುವಾಗ ನೂಲಿನ ವ್ಯಾಪಾರಿ ಬಾಳಾಸಾಹೇಬನಿಗೆ ಹುಕಿ ಬಂತು. ಬನಹಟ್ಟಿಗೂ ರಬಕವಿಗೂ ನಡುವಿನ ತನ್ನ ಹೊಲದಲ್ಲಿ ಮಕ್ಕಳಿಗಾಗಿ ಒಂದು ಗಾರ್ಡನ್ ಮಾಡಿದ. ಜೋಕಾಲಿ ಬಂತು, ಜಾರುಬಂಡಿ ಬಂತು, ಬಣ್ಣದ ಸಿಮೆಂಟಿನ ಜಿರಾಫೆ ಬಂತು. ಇಷ್ಟಕ್ಕೇ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವನು ಮಹಾರಾಷ್ಟ್ರದ ಯಾವುದೋ ಮುಚ್ಚಿದ ಸಕ್ಕರೆ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಕಬ್ಬು ಎಳೆಯುತ್ತಿದ್ದ ಉಗಿ ಇಂಜಿನ್ನೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ತಂದ. ಅದರ ಹಳಿ ಎಷ್ಟು ಕಿರಿದೆಂದರೆ ಎಮ್ಮೆಯೊಂದು ಅಡ್ಡ ಮಲಗಿದರೆ ಎರಡೂ ಕಡೆ ಹೊರಗೆ ಬರುತ್ತಿತ್ತು. ಆದರೆ ಇಂಜಿನ್ನು ಖರೇ ಇಂಜಿನ್ನು: ಹೊಟ್ಟೆಯಲ್ಲಿ ಬೆಂಕಿ, ನೆತ್ತಿಯಲ್ಲಿ ಹೊಗೆ, ಎರಡೂ ಊರಿಗೆ ಕೇಳುವ ಸಿಳ್ಳು. ಅದನ್ನು ಓಡಿಸಲು ಸಾವಳಗಿಯ ಹುಲೆಪ್ಪ ಬಂದ. ಹಿಂದೆ ಕಾರ್ಖಾನೆಯಲ್ಲಿ ಅದೇ ಇಂಜಿನ್ನಿನ ಮೇಲಿದ್ದವನು. ಅದನ್ನು ‘ನಮ್ಮ ಗೌರಿ’ ಎಂದೇ ಕರೆಯುತ್ತಿದ್ದ.

ಮೊದಲ ಭಾನುವಾರ ನೋಡಬೇಕಿತ್ತು! ರೈಲೇ ಕಾಣದ ಊರು. ರೈಲು ಬಂತೆಂದರೆ ಪ್ರಯಾಣ ಬಂತೆಂದೇ ಅರ್ಥ. ಮಂದಿ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಬಂದರು. ಒಬ್ಬಳು ಟ್ರಂಕು ತಂದಿದ್ದಳು. ಹತ್ತುವವರಿಗೆ ಕುಂಕುಮ ಹಚ್ಚಿ, ಇಂಜಿನ್ನಿಗೆ ಕಾಯಿ ಒಡೆದರು. “ಮುಟ್ಟಿದ ಮ್ಯಾಲ ಫೋನ್ ಮಾಡ್ರೀ!” ಎಂದು ಕಳಿಸಲು ಬಂದವರು ಕೂಗಿದರು. ರೈಲು ಒಂದು ಸುತ್ತು ಹಾಕಿ ಅವರ ಮುಂದೆಯೇ ಬಂದು ನಿಂತಿತು. “ಅಯ್ಯ, ಆಗಲೇ ಬಂದ್ರ್ಯಾ? ಎಲ್ಲಾರೂ ಆರಾಮೇನು?” ಎಂದು ಅವರೇ ಕೈಹಿಡಿದು ಇಳಿಸಿಕೊಂಡರು. ಬಾಳಾಸಾಹೇಬ ನಕ್ಕು ನಕ್ಕು ಕೆಮ್ಮಿದ.

ಸಿಳ್ಳು ಕೇಳಿದ ಕ್ಷಣ ಮುರಗೆಪ್ಪ ಮಗ್ಗ ನಿಲ್ಲಿಸಿದ್ದನ್ನು ಶೇವಂತಿ ಕಂಡಳು. ಕಿವಿ ಅತ್ತ, ಮುಖ ಇತ್ತ.

“ರೈಲು ಬಂತಲ್ರೀ,” ಎಂದಳು ಮೆಲ್ಲಗೆ.

“ಅದೇನ್ ರೈಲು? ಹುಡುಗೂರ ಆಟಿಗಿ. ಹತ್ತಿದಲ್ಲೇ ಇಳಿಯೂದು ಪ್ರಯಾಣ ಹೆಂಗಾಗ್ತೈತಿ? ನಾ ಏನಂದಿದ್ದೆ? ಬನಹಟ್ಟ್ಯಾಗ ಹತ್ತಿ ಇನ್ನೊಂದು ಊರಾಗ ಇಳೀಬೇಕು. ಆಟದ ರೈಲಿಗೆ ಆಣಿ ಮುರದಾ ಅಂತ ಊರು ನಗಬೇಕೇನ?”

ಅವನ ದನಿಯಲ್ಲಿ ಸಿಟ್ಟಿಗಿಂತ ಆಸೆಯೇ ಹೆಚ್ಚಿತ್ತು. ಗಂಡನಿಗೆ ಹೋಳಿಗೆಯಷ್ಟೇ ಅಲ್ಲ, ಮರ್ಯಾದೆಯಿಂದ ಹೊರಗೆ ಬರುವ ಒಂದು ದಾರಿಯೂ ಬೇಕಾಗಿದೆ ಎಂದು ಶೇವಂತಿಗೆ ಆಗ ಗೊತ್ತಾಯಿತು.

ಮರುದಿನ ಅನಸವ್ವನನ್ನು ಕರೆದುಕೊಂಡು ತಾನೇ ಹೋಗಿ ರೈಲು ಹತ್ತಿದಳು. ಇಂಜಿನ್ನು ಕೆಮ್ಮುತ್ತ ಜಿರಾಫೆಯನ್ನು ದಾಟಿತು, ಗೋವಿನಜೋಳದ ಹೊಲ ದಾಟಿತು, ದೂರದ ತುದಿಯಲ್ಲಿ ಒಂದು ದೊಡ್ಡ ಬೇವಿನ ಗಿಡದ ಹತ್ತಿರ ನಿಂತಿತು. ಅಲ್ಲಿ ನೀರಿನ ಟಾಕಿ. “ಗೌರಿಗೆ ನೀರ ಕುಡಿಸಬೇಕ್ರಿ,” ಎಂದ ಹುಲೆಪ್ಪ. ಶೇವಂತಿ ತಲೆ ಎತ್ತಿ ಗಿಡ ನೋಡಿದಳು. ನೋಡಿದವಳೇ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

ಆ ಗಿಡ ಅವಳಿಗೆ ಗೊತ್ತಿಲ್ಲದೆ ಏನು! ಅವಳ ತವರು ರಬಕವಿ. ಮದುವೆಯ ದಿನ ಬನಹಟ್ಟಿಯ ಬೀಗರನ್ನು ಊರ ಸೀಮೆಯಲ್ಲಿ ಎದುರುಗೊಳ್ಳಲು ಅವಳ ಕಡೆಯವರು ಆರತಿ ಹಿಡಿದು ಇದೇ ಗಿಡದ ಕೆಳಗೆ ನಿಂತಿದ್ದರು, ಗಿಡ ರಬಕವಿಯದು ಎಂದು. ಬೀಗರು ಒಪ್ಪಲಿಲ್ಲ. “ಗಿಡ ಬನಹಟ್ಟಿದು! ನಮ್ಮ ಊರಾಗ ನಿಂತು ನಮಗ ಆರತಿ ಮಾಡಾಕ ನೀವ್ಯಾರು? ಹಿಂದಕ್ಕ ಸರೀರಿ!” ಎಂದು ಜಗಳ. ಎಲ್ಲರಿಗಿಂತ ಜೋರಾಗಿ ಕೂಗಿದವನು ಬಾಸಿಂಗ ಕಟ್ಟಿಕೊಂಡಿದ್ದ ಮದುಮಗನೇ. ಮುಹೂರ್ತ ತಪ್ಪುತ್ತದೆಂದು ಕೊನೆಗೆ ಹಿರಿಯರು ಗಿಡ ಬಿಟ್ಟು ಮುಳ್ಳುಬೇಲಿಯ ಸಂದಿಯಲ್ಲಿ ಆರತಿ ಮುಗಿಸಿದರು. ಅಂದಿನಿಂದ ಮೂವತ್ತು ವರ್ಷ, ಮುರಗೆಪ್ಪನೂ ಅವಳ ತಮ್ಮ ನೀಲಕಂಠನೂ ಎಲ್ಲಿ ಸೇರಿದರೂ ಉಭಯ ಕುಶಲೋಪರಿ ಆದಮೇಲೆ ಆ ಗಿಡದ ಮಾತೇ.

ಮನೆಗೆ ಬಂದವಳೇ ಹೇಳಿದಳು, “ಗಾರ್ಡನ್ ಬಾಗಿಲಾ ಬನಹಟ್ಟಿ ಸೀಮ್ಯಾಗ ಐತಿ, ಹತ್ತೂದು ಬನಹಟ್ಟಿ. ರೈಲು ಬೇವಿನ ಗಿಡದ ಹಂತ್ಯಾಕ ನಿಲ್ತೈತಿ. ಇಳಿಯೂದು ರಬಕವಿ. ಮುಗೀತು ನಿಮ್ಮ ಆಣಿ!”

ಮುರಗೆಪ್ಪನ ಕಣ್ಣು ಮಿಂಚಿದವು. ಮರುಕ್ಷಣವೇ ಮುಖ ಇಳಿಯಿತು.

“ಗಿಡ ಬನಹಟ್ಟಿದು ಐತಲ್ಲಲೇ!”

“ಹಂಗಾರ ಹೋಳಿಗಿ ಇಲ್ಲ.”

“ಹೋಳಿಗಿ ಬೇಕು. ಗಿಡಾನೂ ಬೇಕು.”

“ಎರಡೂ ಸಿಗಂಗಿಲ್ರಿ. ಒಂದು ಆರಿಸ್ಕೋರಿ. ಯುಗಾದಿ ದಿನ ಹೋಗೂನು.”

ಸುದ್ದಿ ಓಣಿಗೆ ಹಬ್ಬಿತು, ಓಣಿಯಿಂದ ರಬಕವಿಗೂ ಮುಟ್ಟಿತು. ಮಗ್ಗದ ಗದ್ದಲದಲ್ಲೂ ಮಂದಿ ಕಿರಿಚಿ ಕಿರಿಚಿ ಅದನ್ನೇ ಮಾತಾಡಿದರು. ಯುಗಾದಿಯ ಹಿಂದಿನ ದಿನ ಮುರಗೆಪ್ಪ, “ಬರ್ತೇನಿ. ಆದ್ರ ಇಳಿಯೂದು ಗ್ಯಾರಂಟಿ ಇಲ್ಲ” ಎಂದ. ಅಷ್ಟಕ್ಕೇ ಶೇವಂತಿ ಬೇಳೆ ತೊಳೆದಳು. ಹಬ್ಬದ ಬೆಳಿಗ್ಗೆ ತನ್ನ ಸ್ವಂತ ಒಲೆಯ ಮುಂದೆ ಕೂತಳು. ಮಂದಿ ಮನೆಯಲ್ಲಿ ಎಂದೂ ಒಡೆಯದ ಹೂರಣ ಇಲ್ಲಿ ಮೊದಲನೆಯದರಲ್ಲೇ ಒಡೆಯಿತು. ಅವನು ಇಳಿಯದೆ ಹೋದರೆ ಮತ್ತೊಮ್ಮೆ ಕೇಳಲು ತನಗೆ ಬಾಯಿ ಬರಲಿಕ್ಕಿಲ್ಲ, ಈ ಹಂಚು ಇನ್ನು ಅಟ್ಟಕ್ಕೇ ಎಂದುಕೊಂಡಳು. ಆದರೂ ಬುಟ್ಟಿ ತುಂಬಿಸಿ, ಮೇಲೆ ಬಿಳಿ ಅರಿವೆ ಕಟ್ಟಿದಳು.

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯೆಲ್ಲ ಹತ್ತಿತ್ತು. ಬಾಳಾಸಾಹೇಬ ಅವತ್ತು ತಾನೇ ಹಸಿರು ಬಾವುಟ ಹಿಡಿದಿದ್ದ. ಹುಲೆಪ್ಪ ಗೌರಿಯ ಕೊರಳಿಗೆ ಮಾವಿನ ತೋರಣ ಕಟ್ಟಿದ್ದ. ಸಿಳ್ಳು ಹೊಡೆಯಿತು. ಮುರಗೆಪ್ಪ ಇಸ್ತ್ರಿ ಅಂಗಿ, ಹೊಸ ಟೊಪ್ಪಿಗೆ ಹಾಕಿಕೊಂಡು ಸೆಟೆದು ಕೂತಿದ್ದ. ಬುಟ್ಟಿ ಶೇವಂತಿಯ ತೊಡೆಯ ಮೇಲಿತ್ತು. ಅರಿವೆಯ ಸಂದಿಯಿಂದ ಏಲಕ್ಕಿ, ತುಪ್ಪದ ವಾಸನೆ ಬರುತ್ತಿತ್ತು. ಅವನು ಹೊಲದ ಕಡೆ ಮುಖ ಮಾಡಿ ಜೋರಾಗಿ ಉಸಿರೆಳೆಯುತ್ತಿದ್ದ.

ಬೇವಿನ ಗಿಡದ ಕೆಳಗೆ ನೀಲಕಂಠ ನಿಂತಿದ್ದ. ಹಿಂದೆ ಅರ್ಧ ರಬಕವಿ. ಅವನ ಕೈಯಲ್ಲಿ ಬೇವು-ಬೆಲ್ಲದ ತಾಟು. ರೈಲು ನಿಂತಿತು. ಯಾರೂ ಇಳಿಯಲಿಲ್ಲ, ಮುರಗೆಪ್ಪ ಇಳಿಯಲಿ ಎಂದು ಎಲ್ಲರೂ ಕಾದರು. ಅವನು ಎದ್ದ. ಪಾವಟಿಗೆಯ ಮೇಲೆ ಒಂದು ಕಾಲಿಟ್ಟ. ಅಲ್ಲೇ ನಿಂತ.

“ಬರ್ರಿ ಮಾವ,” ಎಂದ ನೀಲಕಂಠ, ಮೀಸೆಯಲ್ಲೇ ನಗುತ್ತ. “ಇಳಿಯೂಕಿಂತ ಮದಲ ಯಾವ ಊರು ಬಂತು ಅಂತ ಎಲ್ಲಾರಿಗೂ ಕೇಳೂ ಹಂಗ ಹೇಳಿಬಿಡ್ರಿ.”

ಮುರಗೆಪ್ಪ ತಲೆ ಎತ್ತಿ ಗಿಡ ನೋಡಿದ. ಮೂವತ್ತು ವರ್ಷದ ವಾದ ಬಿಡುವುದು ಸುಲಭವೇ? ಇಂಜಿನ್ನು ನೀರು ಕುಡಿಯುತ್ತಿತ್ತು. ಅವನ ಪಾದ ಮೆಲ್ಲಗೆ ಹಿಂದಕ್ಕೆ ಸರಿದದ್ದನ್ನು ಶೇವಂತಿ ನೋಡಿದಳು. ಬುಟ್ಟಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಬಾಯಿ ಬಿಟ್ಟವಳು ಅನಸವ್ವ. ಮುದುಕಿಗೆ ಇನ್ನು ತಡೆಯಲಾಗಲಿಲ್ಲ.

“ಏ ಮುರಗ್ಯಾ! ನಿನಗ ಕಣ್ಣ ಅದಾವೋ ಇಲ್ಲೋ? ಇಷ್ಟ ವರ್ಷ ಈಕಿ ನಮ್ಮ ಮನ್ಯಾಗ ಹೋಳಿಗಿ ಬೇಯಿಸ್ಯಾಳ. ಒಂದರೆ ಬಾಯಾಗ ಇಟ್ಟಾಳೇನ ಕೇಳು! ತುತ್ತು ಮಾಡಿ ಬಾಯಿಗಿ ಹಿಡಿದ್ರೂ ಒಲ್ಲೆ ಅಂದಾಳ. ನೀ ಗಿಡ ಹಿಡಕೊಂಡ ಕೂಡು!”

“ಯಾಕ ಹೇಳ್ದಿ ಬೇ ಯಕ್ಕಾ,” ಎಂದು ಶೇವಂತಿ ತಲೆ ತಗ್ಗಿಸಿದಳು.

ಮುರಗೆಪ್ಪ ತಿರುಗಿ ಹೆಂಡತಿಯನ್ನು ನೋಡಿದ. ಎಷ್ಟು ಹೊಡೆದಿ ಎಂದು ಪ್ರತಿ ಹಬ್ಬಕ್ಕೂ ಕೇಳಿದ್ದೆಲ್ಲ ಅವನಿಗೆ ನೆನಪಾಗಿರಬೇಕು. ಮುಖ ಕೆಂಪಾಯಿತು, ಕಣ್ಣು ತುಂಬಿದವು. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅಂದು ಮೈಕಿನಲ್ಲಿ ಕೂಗಿದ್ದಕ್ಕಿಂತ ಜೋರಾಗಿ, ಎರಡೂ ಊರಿಗೆ ಕೇಳುವಂತೆ ಕೂಗಿದ:

“ರಬಕವಿ! ರಬಕವಿ ಬಂತು! ಇಳೀರಿ ಎಲ್ಲಾರೂ!”

ಇಳಿದೇಬಿಟ್ಟ. ರಬಕವಿಯವರ ಕೇಕೆಗೆ ಗಿಡದ ಕಾಗೆಗಳೆಲ್ಲ ಹಾರಿದವು. ಹುಲೆಪ್ಪ ಸಿಳ್ಳಿನ ಸರಪಳಿ ಹಿಡಿದವನು ಬಿಡಲೇ ಇಲ್ಲ. ನೀಲಕಂಠ ಬೇವು-ಬೆಲ್ಲ ಕೊಟ್ಟು ಮಾವನ ಕಾಲು ಮುಟ್ಟಿದ. ಮುರಗೆಪ್ಪ ಅವನನ್ನು ಎತ್ತಿ ಅಪ್ಪಿಕೊಂಡು, “ಗಿಡ ನಿಮ್ದು. ನೆರಳ ಮಾತ್ರ ನಮ್ದು” ಎಂದ.

“ಆತು ಬಿಡ್ರಿ, ನೆರಳಿನ್ಯಾಗ ಕೂತ ತಿನ್ರಿ.”

ಶೇವಂತಿ ಗಿಡದ ಬುಡದಲ್ಲಿ ಕೂತು ಬುಟ್ಟಿಯ ಅರಿವೆ ಬಿಚ್ಚಿದಳು. ಮೇಲಿನ ಹೋಳಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಗಂಡನ ಮುಂದೆ ಹಿಡಿದಳು. ಅವನು ತೆಗೆದುಕೊಂಡ. ಮೂಸಿ ನೋಡಿದ. ಇನ್ನೇನು ತಿನ್ನುತ್ತಾನೆ ಎಂದು ಮಂದಿ ಮುಂದಕ್ಕೆ ಬಾಗಿದರೆ, ಅವನು ಒಂದು ತುತ್ತು ಮುರಿದು ಅಷ್ಟು ಮಂದಿಯ ಎದುರಿಗೇ ಹೆಂಡತಿಯ ಬಾಯಿಯ ಹತ್ತಿರ ಹಿಡಿದ.

“ಅಯ್ಯ, ಮಂದಿ ನೋಡಾಕತ್ತಾರ್ರೀ!”

“ನೋಡ್ಲಿ. ಆಣಿ ನಂದು, ಉಪಾಸ ನಿಂದು. ಮದಲ ನೀ ತಿನ್ನು.”

ಶೇವಂತಿ ಬಾಯಿ ತೆರೆದಳು. ಬೆಲ್ಲ, ಏಲಕ್ಕಿ, ತುಪ್ಪ, ಅದರ ಮೇಲೆ ಇಷ್ಟು ಗೌರಿಯ ಹೊಗೆ. ಗಂಟಲಲ್ಲಿ ಸಲೀಸಾಗಿ ಇಳಿಯಿತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು ಒಟ್ಟಿಗೇ ಬಂದವು ಅವಳಿಗೆ. ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಕಣ್ಣು ತೆರೆಯುವಷ್ಟರಲ್ಲಿ ಮುರಗೆಪ್ಪನ ಕೈಯಲ್ಲಿದ್ದ ಹೋಳಿಗೆ ಮಾಯವಾಗಿತ್ತು. ಅವನು ಮತ್ತೆ ಕೈ ಒಡ್ಡಿದ್ದ.

“ಹೆಂಗ ಆಗ್ಯಾವ್ರೀ?” ಎಂದಳು.

ಬಾಯಿ ತುಂಬಿದ್ದರಿಂದ ಅವನಿಗೆ ಮಾತು ಹೊರಡಲಿಲ್ಲ. ಅವಳು ಇನ್ನೊಂದು ಇಟ್ಟಳು, ಅದರ ಮೇಲೆ ಮತ್ತೊಂದು. ಅವನು ಸಾಕು ಅನ್ನಲಿಲ್ಲ. ಅವಳೂ ಕೇಳಲಿಲ್ಲ.