ಮುಗಿಯದ ವಿಮಾನ

“ಇಮಾನದ ಕೊಕ್ಕೆ ಇಂಗಿರ್ಲಿಲ್ಲ ಕಣವ್ವ. ಪೂರ್ತಿ ಕರ್ರುಗಿತ್ತು,” ಎಂದ ಮಾಯಣ್ಣ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ ಎರಡು ವರ್ಷದಿಂದ ಮಂಚ ಹಿಡಿದಿದ್ದ.

ಮಗಳು ಹೇಮ ಮೌಸಿನ ಮೇಲಿದ್ದ ಕೈ ತೆಗೆದಳು. ಹೋದ ಭಾನುವಾರ ಅಪ್ಪನೇ ಕಪ್ಪುಬಿಳಿ ಪಟ್ಟೆ ಅಂದಿದ್ದ. ಅದರ ಹಿಂದಿನ ವಾರ ರೆಕ್ಕೆ ಮಡಚುವ ಕೀಲು ಸರಿಯಿಲ್ಲ ಅಂದಿದ್ದ.

ಕೆ.ಆರ್. ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ ಅವಳು, ಅಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಮನೆಗೆ ತಂದದ್ದೇ ಅಪ್ಪನಿಗಾಗಿ. ಅದರಲ್ಲಿ ಯುದ್ಧವಿಮಾನ ಹಾರಿಸುವ ಆಟವಿತ್ತು. ಬೇಕಾದ ವಿಮಾನವನ್ನು ನಾವೇ ರಚಿಸಿ ಅದಕ್ಕೆ ಸೇರಿಸಬಹುದಿತ್ತು. ನೌಕಾಪಡೆಯಲ್ಲಿ ಹದಿನೈದು ವರ್ಷ ದುಡಿದು ಬಂದ ಮಾಯಣ್ಣ, ಹಡಗಿನ ಮೇಲಿಂದ ಎದ್ದು ಹೋಗಿ ಬಾಂಬು ಹಾಕಿ ಬರುವ ವಿಮಾನಗಳ ಕಥೆಯನ್ನು ಊರಿಗೆಲ್ಲ ಹೇಳಿದವನು. ಆ ವಿಮಾನವನ್ನೇ ಹೇಮ ಎಂಟು ತಿಂಗಳಿಂದ, ಅವನು ಹೇಳಿದ ಹಾಗೆ, ಕಟ್ಟುತ್ತಿದ್ದಳು.

ಕಿಕ್ಕೇರಿಯವರು ಅವಳನ್ನು ನೋಡಿ ಒಪ್ಪಿ ಹೋಗಿಯೂ ಎಂಟು ತಿಂಗಳಾಗಿತ್ತು. ಹುಡುಗ ದೇವರಾಜು ಹಾಲಿನ ಡೈರಿಯ ಕಾರ್ಯದರ್ಶಿ, ಹೇಮಳಿಗೂ ಹಿಡಿಸಿದ್ದ. ಮಾತುಕತೆಗೆ ಹೋಗೋಣ ಎಂದಾಗಲೆಲ್ಲ ಮಾಯಣ್ಣ, “ಇಮಾನ ಒಂದು ಮುಗ್ದೋಗ್ಲಿ” ಎನ್ನುತ್ತಿದ್ದ.

ಇಳಿಯುವಾಗ ಹಡಗಿನ ಅಡ್ಡಹಗ್ಗಕ್ಕೆ ಸಿಕ್ಕಿ ವಿಮಾನವನ್ನು ನಿಲ್ಲಿಸುವುದೇ ಬಾಲದಡಿಯ ಆ ಕೊಕ್ಕೆ. ದಿನವೂ ಕಂಡವನು ಮರೆಯುವಂಥದ್ದಲ್ಲ.

“ಅಪ್ಪ, ನಿಜ ಏಳು. ಕೊಕ್ಕೆ ಪಟ್ಟೇದೋ, ಕರೀದೋ?”

ಅವನು ಗೋಡೆಯ ಕಡೆ ನೋಡಿದ. “ನಂಗೊತ್ತಿಲ್ಲ ಕಣವ್ವ. ನಾನು ಬಾಯ್ಲರ್ ರೂಮ್ನಲ್ಲಿದ್ದೋನು. ಕೆಳಗಡೆ. ಇಮಾನ ಇಳ್ದಾಗ ತಲೆ ಮೇಲೆ ದಡ್ ಅನ್ನೋದು, ಅಷ್ಟೆಯ. ಮೇಲಿದ್ದೋರು ಏಳಿದ್ನೇ ನಾ ಊರಲ್ಲಿ ಏಳ್ದೆ.”

“ಮತ್ಯಾಕೆ ಎಂಟು ತಿಂಗ್ಳು ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂದೆ?”

“ಮುಗ್ದೋದ್ರೆ ನೀ ಒಂಟೋಯ್ತೀಯ.”

ಹೇಮಳಿಗೆ ಸಿಟ್ಟು ಬಂತು. ಎದ್ದು ಹೋಗಬೇಕೆನಿಸಿತು. ಆದರೆ ಮಂಚ, ಮೇಜು, ಅವಳ ಕುರ್ಚಿಗೇ ಆ ಕೋಣೆ ಸಾಲದು. ಬಾಗಿಲಿಗೆ ಹೋಗಬೇಕಾದರೆ ಅಪ್ಪನ ಕಾಲನ್ನು ಎತ್ತಿ ಸರಿಸಬೇಕು. ಅವಳು ಸರಿಸಲಿಲ್ಲ. ಕೊಕ್ಕೆಗೆ ಕರಿಬಣ್ಣ ತುಂಬಿ, ವಿಮಾನವನ್ನು ಆಟಕ್ಕೆ ಸೇರಿಸಿ, ಜಾಯ್‌ಸ್ಟಿಕ್ಕನ್ನು ಅವನ ಎಡಗೈಗೆ ಕೊಟ್ಟಳು.

“ಮುಗೀತು. ಇಮಾನ ಆರ್ಸು.”

ಎರಡು ಸಲ ವಿಮಾನ ಹಡಗಿನ ಅಂಚು ದಾಟಿದ್ದೇ ನೀರಿಗೆ ಬಿತ್ತು. ಮೂರನೆಯ ಸಲ ಎದ್ದಿತು.

ಅಷ್ಟರಲ್ಲಿ ಮಾಯಣ್ಣನ ಹೆಂಡತಿ ಲಕ್ಷ್ಮಿದೇವಮ್ಮ ಬಾಗಿಲಿಗೆ ಬಂದಳು. “ಮೂಲೆ ಅಂಗ್ಡಿಗೆ ಕಿಕ್ಕೇರಿಯಿಂದ ಪೋನು ಬಂದದೆ. ಇವತ್ತು ಏನಾದ್ರೂ ಒಂದು ಏಳ್ಬುಡಿ ಅಂತಾವ್ರೆ. ಏನನ್ಲಿ?”

ಮಾಯಣ್ಣ ಪರದೆಯಿಂದ ಕಣ್ಣು ಕೀಳಲಿಲ್ಲ. ಲಕ್ಷ್ಮಿದೇವಮ್ಮ ಇನ್ನೊಂದು ಸಲ ಕೇಳಬೇಕಾಯಿತು.

“ಬೇಸ್ತವಾರ ಮಾತುಕತೆಗೆ ಬತ್ತೀವಿ ಅನ್ನು.”

ಅವನು ಮನಸ್ಸು ಬದಲಿಸಿಯಾನು ಎಂಬಂತೆ ಆಕೆ ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿದಳು.

ಹಡಗು ಹಿಂದೆ ಉಳಿದು ಉಗುರಿನಷ್ಟಾಗಿತ್ತು. “ತಿರುಗ್ಸಪ್ಪ, ಎಣ್ಣೆ ಮುಗ್ದೋಯ್ತದೆ,” ಎಂದಳು ಹೇಮ. ಅವನು ತಿರುಗಿಸಲಿಲ್ಲ. ಮುಂದೆ ಬರೀ ನೀರು. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯತೊಡಗಿತು. ಹೇಮ ದುಪಟ್ಟಾದ ತುದಿಯಿಂದ ಒರೆಸಿ, ಕೈಯನ್ನು ಹಾಗೇ ಅವನ ಗಲ್ಲದ ಕೆಳಗೆ ಹಿಡಿದು ಕೂತಳು.