ಗೊಂಬೆಗೆ ಬೆನ್ನಿಲ್ಲ

ಪೇಟೆ ಬೀದಿಯ ಮೂಲೆಯಲ್ಲಿದ್ದ ಆ ಬಟ್ಟೆ ಅಂಗಡಿಯಲ್ಲಿ ಗಾಜಿನ ಹಿಂದೆ ಆರು ಗೊಂಬೆಗಳು ನಿಂತಿದ್ದವು. ಅವಕ್ಕೆ ವಾರಕ್ಕೊಮ್ಮೆ ಬಟ್ಟೆ ಬದಲಾಯಿಸುವವಳನ್ನು ಅಂಗಡಿಯವರೆಲ್ಲ ಗೊಂಬೆಯಮ್ಮ ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ ಕರೆದರು, ಆಮೇಲೆ ಅದೇ ರೂಢಿಯಾಯಿತು. ಈಗಂತೂ ಯಾರಾದರೂ ಅವಳ ನಿಜವಾದ ಹೆಸರು ಹಿಡಿದು ಕೂಗಿದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳೇ ಅತ್ತಿತ್ತ ನೋಡುತ್ತಿದ್ದಳು.

ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಿಂಗಳುಗಟ್ಟಲೆ ಯಾರೂ ಮುಟ್ಟದೆ ಮೂಲೆಗೆ ಬಿದ್ದಿದ್ದ ಬೂದು ಬಣ್ಣದ ಪ್ಯಾಂಟನ್ನು ಎತ್ತಿಕೊಂಡು, ಅದರ ಮೇಲೊಂದು ಕೆನೆ ಬಣ್ಣದ ಶರ್ಟು ಹಾಕಿ, ತೋಳನ್ನು ಸರಿಯಾಗಿ ಎರಡು ಮಡಿಕೆ ಮಡಚಿ, ಶರ್ಟಿನ ಮುಂದಿನ ಒಂದು ಬದಿಯನ್ನಷ್ಟೇ ಪ್ಯಾಂಟಿನೊಳಗೆ ಸಿಕ್ಕಿಸಿ, ಕೊರಳಿಗೆ ಅಂಗೈ ಅಗಲದ ಹಸಿರು ಸ್ಕಾರ್ಫು ಸುತ್ತಿದಳೆಂದರೆ, ಸಂಜೆಯ ಹೊತ್ತಿಗೆ ಆ ಬೂದು ಪ್ಯಾಂಟು ಅಂಗಡಿಯಲ್ಲಿ ಒಂದೂ ಉಳಿಯುತ್ತಿರಲಿಲ್ಲ. ದುಬಾರಿ ಬಟ್ಟೆ ಹಾಕಿಕೊಂಡು ಚೆಂದ ಕಾಣಿಸುವುದರಲ್ಲಿ ಏನು ದೊಡ್ಡಸ್ತಿಕೆ, ಬೀದಿಯಲ್ಲಿ ಎಲ್ಲರಿಗೂ ಸಿಗುವುದರಲ್ಲೇ ಚೆಂದ ಕಾಣಿಸಬೇಕು ಎಂಬುದು ಅವಳ ವಾದ. ಎದುರಿಗೆ ಸಿಕ್ಕವರನ್ನು ಮಾತಾಡಿಸುವ ಮೊದಲೇ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಮನಸ್ಸಿನಲ್ಲೇ ಅವರ ಬೆಲ್ಟು ಬಿಚ್ಚಿ ಬೇರೆ ಬೆಲ್ಟು ಕಟ್ಟಿ ಮುಗಿಸಿರುತ್ತಿದ್ದಳು.

ಅವಳ ವಿದ್ಯೆಯ ಗುಟ್ಟೆಲ್ಲ ಇದ್ದದ್ದು ಕ್ಲಿಪ್ಪಿನಲ್ಲಿ. ಬೇಗ ಖರ್ಚಾಗುವ ಅಳತೆಯ ಬಟ್ಟೆಗಳನ್ನು ಯಾವ ಅಂಗಡಿಯವರೂ ಗೊಂಬೆಗೆ ಹಾಕಿ ಕಟ್ಟಿಹಾಕುವುದಿಲ್ಲ. ಉಳಿದುಹೋದ ದೊಡ್ಡ ಅಳತೆಯವೇ ಗೊಂಬೆಯ ಪಾಲಿಗೆ. ಗೊಂಬೆಯೋ ಕಡ್ಡಿಯ ಹಾಗಿರುತ್ತದೆ. ಹಾಗಾಗಿ ಹೆಚ್ಚಾದ ಬಟ್ಟೆಯನ್ನೆಲ್ಲ ಬೆನ್ನಿನ ಕಡೆಗೆ ಎಳೆದು, ಸಾಲಾಗಿ ಕ್ಲಿಪ್ಪು ಹಾಕುತ್ತಾಳೆ. ಬೀದಿಯಿಂದ ನೋಡಿದವರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕಾಣಿಸುತ್ತದೆ. ಹಿಂದಿನಿಂದ ನೋಡಿದರೆ ಬೇರೆಯದೇ ಕತೆ, ಆದರೆ ಹಿಂದೆ ಇರುವುದು ಗೋಡೆ. ಎಂಟು ವರ್ಷ ಹೀಗೆ ಕೆಲಸ ಮಾಡಿ, ಮನುಷ್ಯರಿಗೆ ಮುಂಭಾಗವೊಂದೇ ಇರುವುದು ಎಂದು ಗೊಂಬೆಯಮ್ಮ ತನಗೆ ಗೊತ್ತಿಲ್ಲದಂತೆಯೇ ನಂಬಿಬಿಟ್ಟಿದ್ದಳು.

ಅವಳಿಗೊಬ್ಬಳು ಅಕ್ಕ. ಹನ್ನೆರಡು ವರ್ಷದ ಹಿಂದೆ ಆಕೆ ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದಳು. ಮಗಳು ಹುಟ್ಟಿದಾಗ ಬಿಟ್ಟಳು, ಆಮೇಲೆ ಅತ್ತೆ ಹಾಸಿಗೆ ಹಿಡಿದರು, ಅತ್ತೆ ಹೋದ ಮೇಲೆ ಮನೆಯವರಿಗೆಲ್ಲ ಅಕ್ಕ ಮನೆಯಲ್ಲಿರುವುದೇ ಅಭ್ಯಾಸವಾಗಿ ಹೋಗಿತ್ತು. ಯಾರು ಕೂಗಿದರೂ ಅರ್ಧ ಮಾತಿಗೇ ಎದ್ದು ಬರುವವಳು ಅಕ್ಕ. ಅಂಥವಳು ಯಾರಿಗೂ ಹೇಳದೆ ಕೇಳದೆ ಒಂದು ನಕ್ಷೆ ಕಚೇರಿಗೆ ಅರ್ಜಿ ಹಾಕಿದ್ದಳು. ಸೋಮವಾರ ಬನ್ನಿ, ಒಂದು ದಿನ ಕೆಲಸ ಮಾಡಿ ತೋರಿಸಿ, ಹಿಡಿಸಿದರೆ ಇಟ್ಟುಕೊಳ್ಳುತ್ತೇವೆ ಎಂದು ಅಲ್ಲಿಂದ ಉತ್ತರ ಬಂದಿತ್ತು.

ಅಕ್ಕ ಆ ಕಾಗದದ ಫೋಟೋ ತೆಗೆದು ತಂಗಿಗೆ ಕಳಿಸಿದಳು, ಆಮೇಲೆ ಫೋನು ಮಾಡಿದಳು. ಇದೊಂದು ಕೈತಪ್ಪಿದರೆ ಮತ್ತೆ ಯಾವ ಬಾಗಿಲೂ ತಟ್ಟುವುದಿಲ್ಲ ಎಂದಳು. ಅಳುತ್ತ ಹೇಳಿದ್ದರೆ ಗೊಂಬೆಯಮ್ಮ ಸಮಾಧಾನ ಮಾಡುತ್ತಿದ್ದಳು. ಆದರೆ ಅಕ್ಕ ಹಾಲು ಒಲೆಯ ಮೇಲಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು, ಅದಕ್ಕೇ ಹೆದರಿಕೆಯಾಯಿತು. ಅಕ್ಕ ಒಮ್ಮೆ ಸಾಕು ಎಂದರೆ ಮುಗಿಯಿತು.

ಭಾನುವಾರ ಸಂಜೆ ಗೊಂಬೆಯಮ್ಮ ಎರಡು ಚೀಲ ಹಿಡಿದು ಅಕ್ಕನ ಮನೆಗೆ ಬಂದಳು. ಮೊದಲು ಬೀರು ತೆಗೆದು ನೋಡಿದಳು. ಒಂದು ಕಡೆ ಮನೆ ಬಟ್ಟೆ, ಇನ್ನೊಂದು ಕಡೆ ಮದುವೆ ಮನೆ ಬಟ್ಟೆ, ನಡುವೆ ಏನೂ ಇಲ್ಲ. ಹನ್ನೆರಡು ವರ್ಷ ಈ ಹೆಂಗಸು ಒಂದೋ ಪಾತ್ರೆ ತೊಳೆದಿದ್ದಾಳೆ, ಇಲ್ಲವೇ ಊಟಕ್ಕೆ ಕೂತಿದ್ದಾಳೆ ಎಂದು ಗೊಂಬೆಯಮ್ಮ ಬೀರುವಿಗೇ ಹೇಳಿ, ಬಾಗಿಲು ಮುಚ್ಚಿದಳು.

ಚೀಲದಿಂದ ಬಂದವು ಅಂಗಡಿಯ ರಿಯಾಯಿತಿ ಸಾಲಿನಿಂದ ಆರಿಸಿದ ಏಳು ಬಟ್ಟೆ. ಎರಡು ಪ್ಯಾಂಟು, ಮೂರು ಶರ್ಟು, ಒಂದು ಉದ್ದನೆಯ ನೀಲಿ ಲಂಗ, ಒಂದು ತೆಳುವಾದ ಸ್ವೆಟರು. ಮಂಚದ ಮೇಲೆ ಇಸ್ಪೀಟು ಎಲೆಗಳಂತೆ ಹರಡಿ, ಅದನ್ನು ಇದಕ್ಕೆ, ಇದನ್ನು ಅದಕ್ಕೆ ಕೂಡಿಸಿ, ಎರಡು ವಾರ ಒಂದು ದಿನದಂತೆ ಇನ್ನೊಂದು ದಿನ ಕಾಣದ ಹಾಗೆ ಮಾಡಿ ತೋರಿಸಿದಳು. ಅಕ್ಕ ಪಿಳಿಪಿಳಿ ಕಣ್ಣು ಬಿಟ್ಟಳು. ಸೋಮವಾರಕ್ಕೆ ತಿಳಿ ಕಂದು ಪ್ಯಾಂಟು, ಬಿಳಿ ಶರ್ಟು, ಮೇಲೆ ಗೊಂಬೆಯಮ್ಮನದೇ ಕಪ್ಪು ಕೋಟು ಎಂದು ತೀರ್ಮಾನವಾಯಿತು. ಹಾಕಿಕೊಂಡರೆ ಶರ್ಟು ಎರಡು ಅಳತೆ ದೊಡ್ಡದು. ಪ್ಯಾಂಟಿನೊಳಗೆ ಇನ್ನೊಬ್ಬ ಅಕ್ಕನಿಗೆ ಜಾಗವಿತ್ತು. ದರ್ಜಿಗೆ ಕೊಡೋಣವೇ ಎಂದರೆ ಭಾನುವಾರ ಅವನ ಅಂಗಡಿ ಮುಚ್ಚಿರುತ್ತದೆ. ಗೊಂಬೆಯಮ್ಮ ನಕ್ಕು, ಜೇಬಿನಿಂದ ಕ್ಲಿಪ್ಪಿನ ಡಬ್ಬಿ ತೆಗೆದಳು.

ಶರ್ಟಿನ ಬೆನ್ನಿಗೆ ಒಂಬತ್ತು, ಪ್ಯಾಂಟಿನ ಸೊಂಟಕ್ಕೆ ಎರಡು. ಮೇಲೆ ಕೋಟು. ಕನ್ನಡಿಯಲ್ಲಿ ನಿಂತವಳನ್ನು ನೋಡಿ ಅಕ್ಕ ತಾನೇ ಒಂದು ಹೆಜ್ಜೆ ಹಿಂದೆ ಸರಿದಳು. ಆಗಷ್ಟೇ ಹೊರಗಿನಿಂದ ಬಂದ ಭಾವ ಬಾಗಿಲಲ್ಲೇ ನಿಂತು, ತಮಗೆ ಯಾರು ಬೇಕಿತ್ತು ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಅಕ್ಕ ನಕ್ಕಳು. ಗೊಂಬೆಯಮ್ಮ ಆ ನಗುವನ್ನೇ ನೋಡುತ್ತ ಕೋಟಿನ ಕಾಲರು ಸರಿಮಾಡಿದಳು. ಚಿಕ್ಕಂದಿನಿಂದ ಅಕ್ಕ ಹಾಕಿ ಬಿಟ್ಟದ್ದನ್ನೇ ಹಾಕಿಕೊಂಡು ಬೆಳೆದವಳು ಅವಳು. ಇವತ್ತು ಮೊದಲ ಸಲ ತಾನು ಆರಿಸಿದ್ದನ್ನು ಅಕ್ಕ ತೊಟ್ಟಿದ್ದಳು.

"ಕೋಟು ಭುಜದ ಹತ್ತಿರ ಬಿಗಿ ಕಣೆ," ಅಂದಳು ಅಕ್ಕ. "ಕೈ ಮೇಲಕ್ಕೆ ಹೋಗ್ತಿಲ್ಲ."

"ಕೈ ಯಾಕೆ ಮೇಲಕ್ಕೆ ಹೋಗ್ಬೇಕು? ನೀನೇನು ಬಸ್ಸು ನಿಲ್ಲಿಸ್ತೀಯಾ? ಮೇಜಿನ ಈಚೆ ಕೂತ್ಕೋ, ಕೇಳಿದ್ದಕ್ಕೆ ಉತ್ತರ ಹೇಳು. ಏನೇ ಆದ್ರೂ ಕೋಟು ಮಾತ್ರ ಬಿಚ್ಚಬೇಡ."

ಅಕ್ಕ ಇನ್ನೇನೋ ಹೇಳಲು ಬಾಯಿ ತೆರೆದಳು. ಗೊಂಬೆಯಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಬೂಟಿನ ಬಣ್ಣದ ವಿಷಯಕ್ಕೆ ಹೋಗಿಬಿಟ್ಟಳು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಒಬ್ಬ ಹಿರಿಯ ಹೆಂಗಸು ಬಂದರು. ಅವರಿಗೆ ಗಾಜಿನಲ್ಲಿ ಎರಡನೆಯ ಗೊಂಬೆ ಹಾಕಿಕೊಂಡಿದ್ದ ಶರ್ಟೇ ಬೇಕು. ಅದೇ ನಮೂನೆಯದು ಒಳಗೆ ಬೇಕಾದಷ್ಟಿವೆ ಎಂದರೂ ಕೇಳಲಿಲ್ಲ, ಇದು ಕೂತಿರುವ ಹಾಗೆ ಅವು ಕೂರುವುದಿಲ್ಲ ಎಂದು ಹಟ ಹಿಡಿದರು. ಗೊಂಬೆಯಮ್ಮ ವಿಧಿಯಿಲ್ಲದೆ ಗೊಂಬೆಯ ಸೊಂಟ ಹಿಡಿದು ತಿರುಗಿಸಿದಳು. ಬೆನ್ನ ತುಂಬ ಕ್ಲಿಪ್ಪು ನೋಡಿದ ಆ ಹೆಂಗಸು ಕನ್ನಡಕ ಸರಿಮಾಡಿಕೊಂಡರು.

"ನಾನು ಗೋಡೆಗೆ ಒರಗಿ ನಿಲ್ಲೋಳಲ್ಲಮ್ಮ," ಅಂದರು. "ನಂಗೆ ಓಡಾಡೋದಿರುತ್ತೆ."

ಗೊಂಬೆಯಮ್ಮ ಅವರ ಮಾತಿಗೆ ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಫೋನು ತೆಗೆದು ಅಕ್ಕನಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಆಮೇಲೆ ಅಕ್ಕ ಕಳಿಸಿದ್ದ ಕಾಗದದ ಫೋಟೋವನ್ನು ಮೊದಲ ಸಲ ಕೊನೆಯವರೆಗೆ ಓದಿದಳು. ದಿನಾಂಕ ನೋಡಿದ್ದಳು, ಕಚೇರಿ ಯಾವ ಬೀದಿಯಲ್ಲಿದೆ ಎಂದು ನೋಡಿದ್ದಳು, ಅಷ್ಟು ಸಾಕೆನಿಸಿ ಬಟ್ಟೆ ಆರಿಸಲು ಓಡಿದ್ದಳು. ಕೊನೆಯ ಸಾಲಿನಲ್ಲಿ, ಹನ್ನೊಂದು ಗಂಟೆಗೆ ಎಲ್ಲರೆದುರು ಗೋಡೆಯ ಹಲಗೆಯ ಮೇಲೆ ನಕ್ಷೆ ಬಿಡಿಸಿ ವಿವರಿಸಬೇಕು ಎಂದಿತ್ತು.

ಅವಳಿಗೆ ಜೀವ ಬಾಯಿಗೆ ಬಂತು. ಗೋಡೆಯ ಹಲಗೆ ಎಂದರೆ ಎಲ್ಲರಿಗೂ ಬೆನ್ನು ಹಾಕಿ ನಿಲ್ಲಬೇಕು. ನಕ್ಷೆ ಎಂದರೆ ಕೈ ಮೇಲಕ್ಕೆ ಹೋಗಲೇಬೇಕು. ಕೈ ಮೇಲಕ್ಕೆ ಹೋಗಬೇಕೆಂದರೆ ಕೋಟು ಬಿಚ್ಚಬೇಕು. ಮುಂದಿನದನ್ನು ಅವಳು ಯೋಚಿಸಲಿಲ್ಲ. ಉಗ್ರಾಣಕ್ಕೆ ನುಗ್ಗಿ ಅಕ್ಕನ ಅಳತೆಯ ಬಿಳಿ ಶರ್ಟು ಹುಡುಕಿ, ಚೀಲಕ್ಕೆ ತುರುಕಿ, ಬಂದೆ ಎಂದು ಮೇಲ್ವಿಚಾರಕರಿಗೆ ಕೂಗಿ ಹೇಳಿ, ಎದ್ದೆನೋ ಬಿದ್ದೆನೋ ಎಂದು ಬೀದಿಗಿಳಿದಳು. ದಾರಿಯುದ್ದಕ್ಕೂ ಅವಳ ಕಣ್ಣಿಗೆ ಬರೀ ಬೆನ್ನುಗಳೇ ಕಂಡವು. ಊರಿನಲ್ಲಿ ಇಷ್ಟೊಂದು ಬೆನ್ನುಗಳಿವೆ ಎಂಬುದು ಅವಳಿಗೆ ಅವತ್ತೇ ಗೊತ್ತಾದದ್ದು.

ನಕ್ಷೆ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಹೊಕ್ಕ ಕೂಡಲೇ ಗಾಜಿನ ಗೋಡೆ, ಅದರಾಚೆ ಉದ್ದನೆಯ ಮೇಜು, ಮೇಜಿನ ಸುತ್ತ ಎಂಟು ಜನ. ಕೋಟು ಕುರ್ಚಿಯ ಮೇಲಿತ್ತು. ಅಕ್ಕ ಹಲಗೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಕೊರಳಿನಿಂದ ಸೊಂಟದವರೆಗೆ ಒಂಬತ್ತು ಕಪ್ಪು ಕ್ಲಿಪ್ಪು ಸಾಲಾಗಿ ಮಿನುಗುತ್ತಿದ್ದವು, ಕೆಳಗೆ ಪ್ಯಾಂಟಿನವು ಎರಡು. ಅಕ್ಕ ಕೈ ಎತ್ತಿದಾಗಲೆಲ್ಲ ಶರ್ಟಿನ ತುದಿ ಒಂದು ಬದಿಯಿಂದ ಮೇಲೆದ್ದು ಬಂದು ಇಣುಕಿ ಹೋಗುತ್ತಿತ್ತು. ಬಾಗಿಲ ಬಳಿ ಕೂತಿದ್ದ ಹುಡುಗಿ ತುಟಿ ಕಚ್ಚಿಕೊಂಡು, ನೀವು ಅವರ ಕಡೆಯವರಾ ಎಂದು ಕೇಳಿದಳು. ಗೊಂಬೆಯಮ್ಮನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಅಕ್ಕ ಪಾಪ, ಎಂದೂ ಕೇಳದವಳು ಜೀವನದಲ್ಲಿ ಒಂದೇ ಒಂದು ಕೇಳಿದ್ದಳು. ಅದನ್ನೂ ತಾನು ಹಾಳುಮಾಡಿಬಿಟ್ಟಿದ್ದಳು.

ಆದರೆ ಒಳಗೆ ಯಾರೂ ನಗುತ್ತಿರಲಿಲ್ಲ. ಮೇಜಿನ ತುದಿಯಲ್ಲಿ ಕೂತಿದ್ದ ನರೆಗೂದಲಿನ ಹೆಂಗಸು, ಅವರೇ ಅಲ್ಲಿನ ಯಜಮಾನರಿರಬೇಕು, ಎದ್ದು ಬಂದು ಹಲಗೆಯ ಮೇಲೆ ಏನನ್ನೋ ತೋರಿಸಿದರು. ಅಕ್ಕ ನೋಡಿದಳು. ಆಮೇಲೆ ಇಲ್ಲ ಎಂದು ತಲೆಯಾಡಿಸಿದಳು. ಅಕ್ಕ ಯಾರಿಗಾದರೂ ಇಲ್ಲ ಎಂದದ್ದನ್ನು ಗೊಂಬೆಯಮ್ಮ ಈವರೆಗೆ ಕಂಡಿರಲಿಲ್ಲ. ಅಕ್ಕ ಒಂದು ಗೆರೆ ಅಳಿಸಿ, ಕೈಯನ್ನು ಹಲಗೆಯ ತುದಿಯವರೆಗೆ ಚಾಚಿ ಇನ್ನೊಂದು ಗೆರೆ ಎಳೆದಳು. ಉಳಿದ ಏಳೂ ಜನ ಮೇಜಿನ ಮೇಲೆ ಬಾಗಿದರು.

ಅಕ್ಕ ತಿರುಗಿದಾಗ ಗಾಜಿನಾಚೆ ತಂಗಿ ಕಂಡಳು. ಗೊಂಬೆಯಮ್ಮ ಶರ್ಟನ್ನು ಮೇಲೆತ್ತಿ ಹಿಡಿದು, ಬಾ, ಬೇಗ ಬಾ, ಬದಲಾಯಿಸು ಎಂದು ಕೈಸನ್ನೆ, ಬಾಯಿಸನ್ನೆ ಎಲ್ಲ ಮಾಡಿದಳು. ಅಕ್ಕ ಇರು ಎಂದು ಅಂಗೈ ತೋರಿಸಿ, ಮತ್ತೆ ಹಲಗೆಯ ಕಡೆ ತಿರುಗಿದಳು.

ಕೂಗಿದರೂ ಅಕ್ಕ ಬಾರದೆ ಇದ್ದದ್ದು ಅದೇ ಮೊದಲು. ಗೊಂಬೆಯಮ್ಮ ಶರ್ಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಕಣ್ಣಲ್ಲಿ ನೀರು ಬಂತು. ನಾಚಿಕೆಗೋ ಸಂತೋಷಕ್ಕೋ ಎಂದು ಯಾರಾದರೂ ಕೇಳಿದ್ದರೆ ಎರಡಕ್ಕೂ ಎಂದೇ ಹೇಳುತ್ತಿದ್ದಳು.

ಮುಕ್ಕಾಲು ಗಂಟೆಯ ಮೇಲೆ ಅಕ್ಕ ಹೊರಗೆ ಬಂದಳು. ಮೂಗಿನ ತುದಿಗೆ ಹಲಗೆಯ ಮಸಿ ಮೆತ್ತಿತ್ತು. ಬಂದವಳೇ ತಂಗಿಗೆ ಬೆನ್ನು ಕೊಟ್ಟು ನಿಂತು, ಇವನ್ನು ತೆಗಿ, ಚುಚ್ಚುತ್ತಿವೆ ಎಂದಳು. ಗೊಂಬೆಯಮ್ಮ ಒಂದೊಂದಾಗಿ ತೆಗೆಯತೊಡಗಿದಳು.

"ಎಲ್ಲರಿಗೂ ಕಾಣಿಸುತ್ತೆ ಅಂತ ನಿಂಗೆ ಗೊತ್ತಾಗ್ಲಿಲ್ವಾ ಅಕ್ಕ?"

"ಗೊತ್ತಿತ್ತು. ನಿನ್ನೆ ಹಲಗೆ ವಿಷಯ ಹೇಳೋಕೆ ಬಂದೆ, ನೀನು ಬೂಟಿನ ಬಣ್ಣ ಶುರು ಮಾಡ್ದೆ. ಇಲ್ಲಿ ನೋಡಿದ್ರೆ ಕೋಟು ಹಾಕ್ಕೊಂಡು ಕೈ ಎತ್ತೋಕೆ ಆಗಲ್ಲ. ಬಿಚ್ಚಿದೆ."

"ನಗಲಿಲ್ವಾ ಅವರು?"

"ನಕ್ಕರು. ನಂಗೂ ನಗು ಬಂತು. ಆಮೇಲೆ ಮೆಟ್ಟಿಲು ಎಲ್ಲಿ ಬರಬೇಕು ಅಂತ ಜಗಳ ಹತ್ಕೊಳ್ತು, ನನ್ನ ಬೆನ್ನು ಯಾರಿಗೂ ನೆನಪಾಗ್ಲಿಲ್ಲ."

ನಾಳೆಯೂ ಬರಬೇಕಂತೆ, ನಾಡಿದ್ದೂ ಬರಬೇಕಂತೆ, ಇನ್ನು ದಿನಾ ಬರಬೇಕಂತೆ. ಇಷ್ಟನ್ನು ಅಕ್ಕ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು. ಹೇಳುವಾಗ ಅವಳ ಭುಜ ಅದುರಿತು. ಗೊಂಬೆಯಮ್ಮ ಕ್ಲಿಪ್ಪು ಬಿಟ್ಟು, ಹಿಂದಿನಿಂದಲೇ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಬಾಗಿಲ ಹುಡುಗಿ ಕಾಣದವಳಂತೆ ಕಾಗದ ಜೋಡಿಸತೊಡಗಿದಳು.

"ಸರಿ, ನಾಳೆ ಏನು ಹಾಕ್ಕೊಳ್ಳಲಿ, ಅದನ್ನ ಹೇಳು," ಅಂದಳು ಅಕ್ಕ, ಕಣ್ಣೊರೆಸಿಕೊಂಡು.

ನೀಲಿ ಲಂಗ, ಬೂದು ಸ್ವೆಟರು, ತೋಳು ಎರಡು ಮಡಿಕೆ ಎಂಬ ಉತ್ತರ ಗೊಂಬೆಯಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡಳು.

"ನಾಳೆ ನಿಂಗೆ ಏನೇನು ಕೆಲಸ ಇದೆ? ಮೊದಲು ಅದನ್ನ ಹೇಳು."

ಈ ಹನ್ನೆರಡು ವರ್ಷದಲ್ಲಿ ಅಕ್ಕನನ್ನು ಯಾರೂ ಹಾಗೆ ಕೇಳಿರಲಿಲ್ಲ, ತಂಗಿಯೂ ಕೇಳಿರಲಿಲ್ಲ. ಅಕ್ಕ ಪಕ್ಕದ ಕುರ್ಚಿ ಎಳೆದುಕೊಂಡಳು. ಆಮೇಲೆ ಹೇಳಲು ಕೂತಳು. ಬೆಳಿಗ್ಗೆ ಕಟ್ಟಡದ ಜಾಗಕ್ಕೆ ಹೋಗಬೇಕು, ಏಣಿ ಹತ್ತಿ ಅಳತೆ ಹಿಡಿಯಬೇಕು, ಹಿಂದಿನವರು ಕಿಟಕಿಯೊಂದನ್ನು ತಪ್ಪಾಗಿ ಇಟ್ಟಿದ್ದಾರೆ, ಅದು ಅಲ್ಲಿ ಅಲ್ಲ, ಇಲ್ಲಿ ಇರಬೇಕು, ಯಾಕೆ ಗೊತ್ತಾ, ಎಂದು ತಂಗಿಯ ಅಂಗೈ ಹಿಡಿದು ಅದರ ಮೇಲೆ ಬೆರಳಿನಿಂದ ಗೆರೆ ಎಳೆದಳು. ಗೊಂಬೆಯಮ್ಮ ಬಟ್ಟೆಯ ಮಾತೆತ್ತದೆ ಕೇಳುತ್ತ ಕೂತಳು. ಅಂಗಡಿಯಿಂದ ಎರಡು ಸಲ ಫೋನು ಬಂತು, ಎತ್ತಲಿಲ್ಲ. ಅಕ್ಕನ ಮಾತು ಇನ್ನೂ ನಾಳೆಯ ಮಧ್ಯಾಹ್ನದವರೆಗೂ ಬಂದಿರಲಿಲ್ಲ.